ಚಿತ್ರಸಂಗ್ರಹವೂ ಆದಾನ-ನಿಕ್ಷೇಪಣ ಸಮಿತಿಯೂ



ಜೈನ ಮುನಿಗಳು ಪಾಲಿಸುವ ಪಂಚ ಸಮಿತಿಗಳಲ್ಲಿ ನಾಲ್ಕನೆಯದು ಆದಾನ-ನಿಕ್ಷೇಪಣ ಸಮಿತಿ. ಕಮಂಡಲವಾಗಲಿ ಶಾಸ್ತ್ರಗ್ರಂಥವಾಗಲಿ, ಎತ್ತಿಕೊಳ್ಳುವ ಮುನ್ನ ಕಣ್ಣಿಟ್ಟು ನೋಡಬೇಕು. ಇಡುವ ಮುನ್ನ ಆ ಸ್ಥಳವನ್ನೂ ನೋಡಿ ಪಿಂಛಿಯಿಂದ ಮೃದುವಾಗಿ ಸವರಬೇಕು. ಶ್ವೇತಾಂಬರ ಸಾಧು-ಸಾಧ್ವಿಯರು ಇದನ್ನೇ ರಜೋಹರಣದಿಂದ ಮಾಡುತ್ತಾರೆ. ಐದನೆಯದಾದ ಉತ್ಸರ್ಗ ಸಮಿತಿಯು ತ್ಯಜಿಸುವ ವಸ್ತುವನ್ನೂ ಜೀವಿಗಳಿಲ್ಲದ ಸ್ಥಳ ನೋಡಿಯೇ ತ್ಯಜಿಸಬೇಕೆಂದು ವಿಧಿಸುತ್ತದೆ. ಗೃಹಸ್ಥರಿಗೆ ಈ ಕಟ್ಟುನಿಟ್ಟು ಇಲ್ಲ, ನಿಜ. ಆದರೆ ಇಂದಿನ ಗೃಹಸ್ಥರ ಮೊಬೈಲಿನಲ್ಲಿ ಆದಾನವೊಂದೇ ನಡೆದಿದೆ. ದಿನವೂ ನೂರು ಚಿತ್ರಗಳನ್ನು ಎತ್ತಿಕೊಳ್ಳುವುದು. ಒಂದನ್ನೂ ನೋಡಿ ಇಡುವುದಿಲ್ಲ, ಒಂದನ್ನೂ ನೋಡಿ ಬಿಡುವುದಿಲ್ಲ.

ಹೊಸೂರಿನ ಒಂದು ಶ್ರಾವಕ ಕುಟುಂಬದ ಸಂಗತಿಯನ್ನು ಇಲ್ಲಿ ಹೇಳಬಹುದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಹಿರಿಯ ಸೊಸೆಯ ತವರಿನ ಕಡೆ ಮಾರವಾಡಿ. ಮನೆಯ ಯಜಮಾನರು ಶ್ರವಣಬೆಳಗೊಳದ ನಾಲ್ಕು ಮಹಾಮಸ್ತಕಾಭಿಷೇಕಗಳನ್ನು ಕಣ್ಣಾರೆ ಕಂಡ ಪುಣ್ಯವಂತರು. 1981ರಲ್ಲಿ, ಬಾಹುಬಲಿ ಸ್ವಾಮಿಯ ಪ್ರತಿಷ್ಠಾಪನೆಯ ಸಹಸ್ರಾಬ್ದಿಯಂದು, ಒಂದೇ ಒಂದು ಚಿತ್ರ ತೆಗೆಸಿದ್ದರು. ಅದರ ಬೆನ್ನಿಗೆ ಶಾಯಿಯಲ್ಲಿ ತಾರೀಕು, ಊರು, ಜೊತೆಗಿದ್ದವರ ಹೆಸರು. 1993ರಲ್ಲಿ ಮೂವತ್ತಾರು ಚಿತ್ರಗಳ ಒಂದು ರೀಲು. 2006ರಲ್ಲಿ ಡಿಜಿಟಲ್ ಕ್ಯಾಮೆರಾ, ನಾಲ್ಕು ಸಿ.ಡಿ.ಗಳು. 2018ರಲ್ಲಿ ಮನೆಮಂದಿಯ ಮೊಬೈಲುಗಳಲ್ಲಿ ಸಾವಿರಕ್ಕೂ ಮೀರಿ.

ಆ ಹಿರಿಯರು ದೇಹತ್ಯಾಗ ಮಾಡಿದಾಗ ಶ್ರದ್ಧಾಂಜಲಿ ಸಭೆಗೆ ಒಂದು ಭಾವಚಿತ್ರ ಬೇಕಾಯಿತು. ಮಕ್ಕಳು ಎರಡು ರಾತ್ರಿ ಹುಡುಕಿದರು. ಊಟದ ತಟ್ಟೆಗಳು, ಬಿಲ್ಲುಗಳು, ಶುಭೋದಯದ ಹೂಗಳು, ಒಂದೇ ಮಗುವಿನ ಹದಿನೈದು ನಗುಗಳು. ಅಪ್ಪ ಇದ್ದ ಕಡೆಯೆಲ್ಲ ಅರ್ಧ ಮುಖ, ಇಲ್ಲವೇ ಬೆನ್ನು. ಕೊನೆಗೆ 1981ರ ಚಿತ್ರವನ್ನೇ ದೊಡ್ಡದು ಮಾಡಿಸಿ ಮಾಲೆ ಹಾಕಿದರು. ಅದನ್ನು ನೋಡಿ ಚಿಕ್ಕ ಮೊಮ್ಮಗಳು "ಇವರು ಯಾರು?" ಎಂದು ಕೇಳಿದಳು. ಸಭೆಯಲ್ಲಿದ್ದ ಯಾರಿಗೂ ಉತ್ತರ ಹೇಳಲು ಬಾಯಿ ಬರಲಿಲ್ಲ.

ಉಮಾಸ್ವಾಮಿ ಆಚಾರ್ಯರು (ಶ್ವೇತಾಂಬರ ಪರಂಪರೆಯಲ್ಲಿ ಉಮಾಸ್ವಾತಿ) ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಲೆಕ್ಕದಿಂದ ಅಳೆಯಲಿಲ್ಲ, ಮನಸ್ಸಿನ ಮೂರ್ಛೆಯಿಂದ ಅಳೆದರು. ಚಿತ್ರಕ್ಕೆ ತೂಕವಿಲ್ಲ, ಜಾಗವೂ ಕಾಣಿಸುವುದಿಲ್ಲ. ಆದ್ದರಿಂದ ಅದು ಪರಿಗ್ರಹವಲ್ಲವೆಂದು ಅನೇಕರು ತಿಳಿದಿದ್ದಾರೆ. ಗೋದಾಮಿನಲ್ಲಿ ಏನಿದೆಯೆಂದು ತಿಳಿಯದೆಯೇ ಸರಕು ತುಂಬುತ್ತ ಹೋಗುವ ವ್ಯಾಪಾರಿಗೆ ಯಾರೂ ಶ್ರೀಮಂತನೆನ್ನುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಬಾಗಿಲು ಹಾಕಿ ಸರಕು ಎಣಿಸಲೇಬೇಕು.

ಆ ಎಣಿಕೆಗೆ ತಿಥಿಯನ್ನು ಪೂರ್ವಾಚಾರ್ಯರೇ ಗೊತ್ತುಮಾಡಿದ್ದಾರೆ. ದಿಗಂಬರರಿಗೆ ಜ್ಯೇಷ್ಠ ಶುಕ್ಲ ಪಂಚಮಿಯು ಶ್ರುತಪಂಚಮಿ, ಶ್ವೇತಾಂಬರರಿಗೆ ಕಾರ್ತಿಕ ಶುಕ್ಲ ಪಂಚಮಿಯು ಜ್ಞಾನಪಂಚಮಿ. ಅಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಪದ್ಧತಿ. ಮೂಡುಬಿದಿರೆಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಮೀಸಲಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ ಅನೇಕ ವರ್ಷ ನಡೆಯಿತು, 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಂದೇ ಕಡೆ ಇದ್ದದ್ದು ಉಳಿಯಿತೆಂಬುದು ಭಾಗ್ಯ. ಪ್ರತಿಯಾದದ್ದರಿಂದ ಅದು ಓದುಗರ ಕೈಗೆ ಬಂತು.

ಹೊಸೂರಿನ ಆ ಮನೆಯವರು ಮರುವರ್ಷದ ಶ್ರುತಪಂಚಮಿಯಂದು ಬಸದಿಯಿಂದ ಬಂದು ಚಾಪೆ ಹಾಸಿ ಕುಳಿತರು. ಒಂದೇ ದಿನದಲ್ಲಿ ಮುಗಿಯಲಿಲ್ಲ, ಚಾತುರ್ಮಾಸದ ಭಾನುವಾರಗಳೂ ಹಿಡಿದವು. ಮೊದಲು ಎಲ್ಲ ಮೊಬೈಲುಗಳ ಚಿತ್ರಗಳನ್ನು ಒಂದು ಡಿಸ್ಕಿಗೆ ತುಂಬಿ, ಅದರದೇ ಪ್ರತಿಯನ್ನು ಇನ್ನೊಂದಕ್ಕೆ ಹಾಕಿ ಮಗಳ ಮನೆಗೆ ಕಳುಹಿಸಿದರು. ಅಲ್ಲಿಯವರೆಗೆ ಒಂದನ್ನೂ ಅಳಿಸಬಾರದೆಂದು ನಿಯಮ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸ್ಥಳ 2021ರ ಜೂನ್ 1ಕ್ಕೇ ನಿಂತಿತ್ತು. ಮೇಲಾಗಿ ಬ್ಯಾಕಪ್ ಆದದ್ದನ್ನು ಮೊಬೈಲಿನ ಆ ಆ್ಯಪಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 60 ದಿನ ಮಾತ್ರ ಉಳಿಯುತ್ತದೆ.

ತಾರೀಕಿನದೇ ದೊಡ್ಡ ತೊಡಕು. ಡಿಜಿಟಲ್ ಚಿತ್ರವು ತೆಗೆದ ಸಮಯವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆದರೆ 2006ರ ಕ್ಯಾಮೆರಾದ ಗಡಿಯಾರವನ್ನು ಯಾರೂ ಸರಿಪಡಿಸಿರಲಿಲ್ಲ; ಅಭಿಷೇಕದ ಚಿತ್ರಗಳೆಲ್ಲ ಜನವರಿ 1 ಎಂದು ತೋರಿಸುತ್ತಿದ್ದವು. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿಯೇ ಕಳುಹಿಸಿದ್ದು ಕುಗ್ಗಿ ಬರುವುದಲ್ಲದೆ, ತೆಗೆದ ಸಮಯವನ್ನೂ ಕಳೆದುಕೊಂಡು ಬರುತ್ತದೆ. ನಾಲ್ಕು ಸಿ.ಡಿ.ಗಳಲ್ಲಿ ಒಂದು ಯಾವ ಯಂತ್ರದಲ್ಲಿಯೂ ತೆರೆಯಲಿಲ್ಲ.

ಮತ್ತೊಂದು ಜಗಳ ಲಿಪಿಯದು. ಸೊಸೆ ಹಿಂದಿಯಲ್ಲಿ ಹೆಸರಿಟ್ಟರು, ಮಗ ಕನ್ನಡದಲ್ಲಿ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ. ಅಜ್ಜಿಯೇ ತೀರ್ಮಾನ ಹೇಳಿದರು: ಮೊದಲು ವರ್ಷ, ಆಮೇಲೆ ತಿಂಗಳು, ಎರಡೂ ಅಂಕಿಯಲ್ಲಿ, ಊರು, ಹೆಸರು ಆಮೇಲೆ, ಯಾರ ಭಾಷೆಯಲ್ಲಾದರೂ ಸರಿ. ಅಂಕಿಗಳು ತಾವೇ ಸಾಲಾಗಿ ನಿಂತವು. ಒಂಬತ್ತನೆಯ ಶತಮಾನದ ನೊಳಂಬರ ಕಾಲದಲ್ಲಿ ತಗಡೂರಿನ, ಅಂದರೆ ಇಂದಿನ ಧರ್ಮಪುರಿಯ, ಬಸದಿಗೆ ನಿಧಿಯಣ್ಣನೆಂಬ ಶ್ರಾವಕನು ದಾನವಿತ್ತ ಸಂಗತಿ ಇಂದಿಗೂ ತಿಳಿದಿರುವುದು ಕಲ್ಲಿನ ಮೇಲೆ ಹೆಸರು ಕೊರೆದದ್ದರಿಂದಲ್ಲವೇ?

1993ರ ರೀಲಿನಲ್ಲಿದ್ದ ಹನ್ನೊಂದು ಮಂದಿಯ ಗುರುತು ಅಜ್ಜಿಗೊಬ್ಬರಿಗೇ ಇತ್ತು. ಮೊಮ್ಮಕ್ಕಳಿಗೆ ಯಂತ್ರ ಗೊತ್ತು, ಅಜ್ಜಿಗೆ ಜನ ಗೊತ್ತು. ಇನ್ನೆರಡು ವರ್ಷ ತಡಮಾಡಿದ್ದರೆ ಏನಾಗುತ್ತಿತ್ತೋ. ಅಳಿಸುವಾಗ ಮಗ ಅವಸರಪಟ್ಟು ಮಸುಕಾದದ್ದನ್ನೆಲ್ಲ ತೆಗೆಯಹೊರಟ. ಅಜ್ಜಿ ಕೈ ಹಿಡಿದು, ಒಂದೊಂದನ್ನೂ ನೋಡಿ ಬಿಡು ಎಂದರು. ಹಾಗೆ ನೋಡುತ್ತಿದ್ದಾಗ, ಸ್ಕ್ರೀನ್‌ಶಾಟುಗಳ ರಾಶಿಯ ನಡುವೆ ಒಂದು ಚಿತ್ರ ಎದ್ದುಬಂತು. ವಿಂಧ್ಯಗಿರಿಯ ಬುಡದಲ್ಲಿ ಡೋಲಿಯ ಮೇಲೆ ಕುಳಿತ ಮುದುಕರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಪೂರ್ಣ ಮುಖದಿಂದ ನಗುತ್ತಿದ್ದಾರೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು, ಅದೇ ಮೊಮ್ಮಗಳು ಒಂದೊಂದಾಗಿ ಒತ್ತಿದಳು: 2018, 02, ಶ್ರವಣಬೆಳಗೊಳ, ಅಜ್ಜ.