ತೋಡಿದಷ್ಟು ತುಂಬು

ಚಳಿಗಾಲ ಹತ್ತಿರ ಬಂತು ಅಂದ್ರೆ ಅಮೆರಿಕದಲ್ಲಿರೋ ಗೆಳೆಯರು ಮನೆಯ ಹೀಟರ್ ಸರ್ವಿಸ್ ಮಾಡಿಸ್ತಾರೆ, ಫಿಲ್ಟರ್ ಬದಲಿಸ್ತಾರೆ. ಉಡುತಡಿ ಪಕ್ಕದ ನಮ್ಮೂರಲ್ಲಿ ಕೋಣೆ ಬಿಸಿ ಮಾಡೋ ಪದ್ಧತಿಯೇ ಇಲ್ಲ. ನಮಗೆ ಬೇಕಾದ ಬಿಸಿಯೆಲ್ಲ ಬಚ್ಚಲುಮನೆ ಹಂಡೆಯಲ್ಲಿ. ಅದಕ್ಕೂ ವರ್ಷಕ್ಕೊಂದು ಸರ್ವಿಸ್ ಇದೆ. ಹೆಸರು ನೀರು ತುಂಬೋ ಹಬ್ಬ.

ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ಸಂಜೆ ಅದು. ಒಲೆಯ ಬೂದಿಯನ್ನೆಲ್ಲ ಬಳಿದು ತಿಪ್ಪೆಗೆ ಹಾಕ್ತಾರೆ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೆಮ್ಮಣ್ಣು, ಸುಣ್ಣದ ಗೆರೆ ಎಳೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿಸ್ತಾರೆ. ಸೌದೆ ಮಾತ್ರ ಮಳೆಗಾಲಕ್ಕೆ ಮೊದಲೇ ಕೊಟ್ಟಿಗೆ ಸೇರಿರಬೇಕು. ಅದರ ಜೊತೆಗೆ ತೆಂಗಿನ ಗರಿ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು. ಮಾರನೇ ದಿನ ಬೆಳಕು ಹರಿಯೋ ಮೊದಲೇ ಎಲ್ಲರಿಗೂ ಎಣ್ಣೆ ಸ್ನಾನ.

ಹಂಡೆಗೆ ಒಂದು ನಿಯಮ ಉಂಟು. ಬಿಸಿನೀರು ಎಷ್ಟು ತೋಡಿಕೊಂಡೆಯೋ ಅಷ್ಟು ತಣ್ಣೀರು ವಾಪಸ್ ಹುಯ್ಯಿ, ಹೊರಗೆ ಬಂದ ಕೊಳ್ಳಿಯನ್ನು ಒಳಗೆ ತಳ್ಳು. ಇದನ್ನು ಬರೆದಿಟ್ಟವರಿಲ್ಲ, ಆದ್ರೆ ತಪ್ಪಿಸಿದವರಿಗೆ ಬಚ್ಚಲ ಬಾಗಿಲ ಹೊರಗಿಂದಲೇ ಬೈಗುಳ ಗ್ಯಾರಂಟಿ. ಯೋಚಿಸಿದ್ರೆ ಈ ನಿಯಮದಲ್ಲಿ ದೊಡ್ಡ ಮಾತೇ ಇದೆ. ನಾನು ಮಿಂದ ನೀರು ನನಗಿಂತ ಮೊದಲು ಮಿಂದವರು ತುಂಬಿಟ್ಟಿದ್ದು. ಅವರ ಸಾಲವನ್ನು ನಾನು ಅವರಿಗೆ ತೀರಿಸಲ್ಲ, ನನ್ನ ನಂತರ ಬರೋರಿಗೆ ತೀರಿಸ್ತೀನಿ. ಕೆರೆ, ಗೋಮಾಳ, ಆಫೀಸಿನ ಕೋಡ್‌ಬೇಸ್ ಎಲ್ಲವೂ ಈ ಲೆಕ್ಕದ ಮೇಲೇ ಬಾಳಿಕೆ ಬರೋದು.

ಆದ್ರೆ ಈ ನಿಯಮದಲ್ಲಿ ಒಂದು ತೂತಿದೆ. ಅದು ನೀರಿನ ಲೆಕ್ಕ ಇಡುತ್ತೆ, ನಿದ್ದೆಯ ಲೆಕ್ಕ ಇಡಲ್ಲ. ಐದು ಗಂಟೆಗೆ ಎದ್ದು ಮೊದಲ ಬೆಂಕಿ ಹಾಕೋರಿಗಾಗಿ ಹಿಂದಿನವರು ಯಾರೂ ಏನೂ ಮಾಡಿಟ್ಟಿರಲ್ಲ. ನಮ್ಮನೇಲಿ ಅದು ಮೊದಲು ಅಜ್ಜಿ, ಆಮೇಲೆ ಅಮ್ಮ. ಹೊಗೆ ಕುಡಿಯೋದೂ ಅವರೇ, ಕೊನೆಗೆ ಮೀಯೋದೂ ಅವರೇ. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು, ಬಚ್ಚಲಲ್ಲಿ ಇನ್ನೂ ಸೌದೆಯೇ. ಇದಕ್ಕೆ ನಾವಿಟ್ಟ ಹೆಸರು ತ್ಯಾಗ.

ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಇರೋದು 15 ಲೀಟರ್ ಗೀಸರ್. ಅಷ್ಟು ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಸುಮಾರು 0.7 ಯೂನಿಟ್ ಕರೆಂಟ್ ಸಾಕು. ಚಳಿಗೆ ಮೊದಲು ಸರ್ವಿಸ್‌ಗೆ ಬಂದ ಹುಡುಗ ಟ್ಯಾಂಕಿನಿಂದ ಒಂದು ಕಡ್ಡಿ ಎಳೆದು ತೋರಿಸಿದ. ಅಲ್ಲಲ್ಲಿ ತಿಂದುಹೋಗಿ ತಂತಿಯಷ್ಟು ಸಣ್ಣ ಆಗಿತ್ತು. ಅದು ಮೆಗ್ನೀಸಿಯಂ ಆನೋಡ್. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯದಿರಲಿ ಅಂತ ಅದಕ್ಕಿಂತ ಮೊದಲು ತಾನೇ ಸವೆಯೋ ಲೋಹ. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದರ ಹೆಸರು ಸ್ಯಾಕ್ರಿಫಿಷಿಯಲ್ ಆನೋಡ್. ಅಂದ್ರೆ ತ್ಯಾಗದ ಕಡ್ಡಿ. ಬೋರ್‌ವೆಲ್ ನೀರಾದ್ರೆ ಬೇಗ ಕರಗುತ್ತೆ, ವರ್ಷಕ್ಕೊಮ್ಮೆ ನೋಡಬೇಕು ಅಂದ.

ನಂಗೆ ಅನ್ನಿಸಿದ್ದು ಇಷ್ಟು. ಕಡ್ಡಿ ಸವೆಯುತ್ತೆ ಅಂತ ಗೊತ್ತಿರೋದ್ರಿಂದ ಅದನ್ನು ವರ್ಷಕ್ಕೊಮ್ಮೆ ತೆಗೆದು ನೋಡ್ತೀವಿ. ಮನುಷ್ಯರ ವಿಷಯದಲ್ಲಿ ಉಲ್ಟಾ. ತ್ಯಾಗ ಅಂತ ಹೆಸರಿಟ್ಟ ತಕ್ಷಣ ನೋಡೋದನ್ನೇ ನಿಲ್ಲಿಸ್ತೀವಿ. ಹೊಗಳಿದ ಮೇಲೆ ಇನ್ನೇನು ಬಾಕಿ?

ಹಾಗಾದ್ರೆ ನಿಜವಾದ ತ್ಯಾಗ ಯಾವುದು? ಉಡುತಡಿಯವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಅಕ್ಕಮಹಾದೇವಿ ಹುಟ್ಟಿದ ಊರು ಅದು. ಕೌಶಿಕನ ಅರಮನೆ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದಳು ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ. ಅಕ್ಕ ಬಿಟ್ಟಳು, ಯಾಕಂದ್ರೆ ಬೇಡ ಅನ್ನೋಕೆ ಅವಳಿಗೆ ಬಂತು. ಬೇಡ ಅನ್ನೋ ದಾರಿ ಇಲ್ಲದವರು ಕಳೆದುಕೊಂಡಿದ್ದನ್ನು ತ್ಯಾಗ ಅನ್ನೋದು ಸರಿಯಲ್ಲ. ಕಡ್ಡಿಗೆ ಬೇಡ ಅನ್ನೋಕೆ ಬರಲ್ಲ.

ಈ ಪರೀಕ್ಷೆ ಬಚ್ಚಲು ದಾಟಿ ಹೊರಗೂ ಹೋಗುತ್ತೆ. ನನ್ನ ಗೀಸರಿಗೆ ಬರೋ ಕರೆಂಟಲ್ಲಿ ಶರಾವತಿಯ ಪಾಲೂ ಇದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿಂದ ನಡೆಯೋ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದಕ್ಕಾಗಿ ಊರು, ತೋಟ ಮುಳುಗಿಸಿಕೊಂಡವರು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಬೇರೆ ಬೇರೆ ಕಡೆ ನೆಲೆಸಿದ್ರು. ಅವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ದಾಟಿದ್ರೂ ಮುಗಿದಿಲ್ಲ. ನಾಡಿಗೆ ಬೆಳಕು ಕೊಟ್ಟ ತ್ಯಾಗ ಅಂತ ಭಾಷಣದಲ್ಲಿ ಹೇಳ್ತಾರೆ. ಬೇಡ ಅಂತ ಹೇಳೋ ಅವಕಾಶ ಅವರಿಗೆ ಎಲ್ಲಿತ್ತು?

ಹಾಗಂತ ನಾಳೆಯಿಂದ ತಣ್ಣೀರು ಸ್ನಾನ ಅಂತ ಶಪಥ ಮಾಡಿದ್ರೆ ಯಾರಿಗೂ ಹಕ್ಕುಪತ್ರ ಸಿಗಲ್ಲ, ಅಮ್ಮನ ಕಣ್ಣುರಿಯೂ ಹೋಗಲ್ಲ. ಅದು ನಮ್ಮ ಮನಸ್ಸಿನ ಸಮಾಧಾನಕ್ಕೆ ಅಷ್ಟೇ. ಕೃತಜ್ಞತೆಯೂ ಸಾಲದು. ತಾಯಂದಿರ ದಿನ ಫೋಟೋ ಹಾಕೋದು ಸುಲಭ, ಮಾರನೇ ದಿನ ಐದಕ್ಕೆ ಏಳೋದು ಕಷ್ಟ. ನಮ್ಮ ಬಿಸಿನೀರಿಗಾಗಿ ದುಡಿಯೋರು ಬೇಡ ಅಂದ್ರೂ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳೋದು ನಮ್ಮ ಜವಾಬ್ದಾರಿ. ದೊಡ್ಡ ಅಣೆಕಟ್ಟಿನ ವಿಷಯದಲ್ಲಿ ಅದು ಓಟು, ದನಿ, ಹಕ್ಕುಪತ್ರ ಕೇಳೋರ ಜೊತೆ ನಿಲ್ಲೋದು. ಮನೆಯಲ್ಲಿ ಪಾಳಿ ಹಾಕಿಕೊಳ್ಳೋದು.

ಊರಿನ ಮನೆಗೆ ಸೋಲಾರ್ ಹಾಕಿಸಿದ್ದೀವಿ. ಆದ್ರೂ ಮೋಡದ ದಿನ, ಮನೆ ತುಂಬ ನೆಂಟರಿರೋ ಹಬ್ಬದ ದಿನ ಹಂಡೆಯೇ ಗತಿ. ಬೆಂಕಿ ಹಾಕೋದು ಬಿಡು ಅಂದ್ರೆ ಅಮ್ಮ, "ಹಬ್ಬಕ್ಕೆ ಬಂದೋರಿಗೆ ತಣ್ಣೀರು ಕೊಡಾಕ್ ಆಗ್ತತಾ?" ಅಂತ ಕೇಳ್ತಿದ್ಲು. ಅವಳ ಮಾತೂ ಸರಿಯೇ. ಅದಕ್ಕೆ ಹಬ್ಬದ ದಿನಗಳಲ್ಲಿ ಅಪ್ಪ, ತಮ್ಮ, ನಾನು ಒಬ್ಬೊಬ್ಬರು ಒಂದೊಂದು ದಿನ ಬೆಂಕಿ ಹಾಕ್ತೀವಿ. ಅಮ್ಮ ಈಗಲೂ ಕೆಲವು ದಿನ ಐದಕ್ಕೇ ಎದ್ದು ಬಚ್ಚಲಿಗೆ ಬಂದು, ನಾವು ಜೋಡಿಸಿದ ಸೌದೆಯನ್ನು ಮತ್ತೆ ಜೋಡಿಸ್ತಾಳೆ. ಅದು ಅವಳಿಷ್ಟ. ಅವಳು ಏಳದಿದ್ರೂ ನೀರು ಕಾಯುತ್ತೆ.