ಬಾಡಿಗೆಗಿತ್ತ ಮನೆಯ ಒಡೆಯನಾರು?

ರಾಯಚೂರು–ಗುಂತಕಲ್ಲು ರೈಲುಮಾರ್ಗದ ಮಟಮಾರಿಯ ಸುತ್ತಣ ಸೀಮೆಯಲ್ಲಿ ಗುಳೆ ಹೋಗುವ ಕೂಲಿಯವನು ಬಾಗಿಲಿಗೆ ಕೀಲಿ ಹಾಕಿ ಹೊರಡುವನು. ಅವನ ಮಣ್ಣಿನ ಮಾಳಿಗೆಗೆ ಬಾಡಿಗೆದಾರನು ದೊರೆಯುವುದು ದುರ್ಲಭ. ಅಮೆರಿಕೆಗೆ ತೆರಳುವ ವಿದ್ಯಾವಂತನಾದರೋ ಪಟ್ಟಣದ ಸ್ವಗೃಹವನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಪರರಿಗಿತ್ತು, ಆ ಬಾಡಿಗೆಯ ದ್ರವ್ಯದಿಂದಲೇ ದೇಶಾಟನಗೈಯಬಲ್ಲನು. ಅವನ ದೇವರಕೋಣೆಯಲ್ಲಿ ಅನ್ಯರ ದೇವರು ಕುಳಿತು, ಅವನ ಒಲೆಯ ಮೇಲೆ ಅನ್ಯರ ಅನ್ನವು ಬೇಯುತ್ತಿರುವಾಗ ಅವನ ಒಡೆತನವು ನೆಲೆಸಿರುವುದೆಲ್ಲಿ?

1882ರ ಸ್ವತ್ತು ವರ್ಗಾವಣೆ ಕಾಯಿದೆಯ ಉತ್ತರವು ಸರಳ: ಬಾಡಿಗೆಗೆ ಕೊಟ್ಟಾಗ ಕೈಬದಲಾಗುವುದು ಅನುಭೋಗದ ಹಕ್ಕೇ ಹೊರತು ಸ್ವಾಮ್ಯವಲ್ಲ. ಕುತೂಹಲದ ಸಂಗತಿಯೆಂದರೆ, ಇದೇ ರಾಯಚೂರು ಜಿಲ್ಲೆಯ ಹರಿದಾಸರು, ಅಂದರೆ ಮಾನವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಹದಿನೆಂಟನೆಯ ಶತಮಾನದಲ್ಲಿಯೇ ಈ ಭೇದವನ್ನು ಇನ್ನೂ ಮೇಲಕ್ಕೊಯ್ದಿದ್ದರು. ಅವರು ಅನುಸರಿಸಿದ ಮಧ್ವಸಿದ್ಧಾಂತದಲ್ಲಿ ಹರಿಯೊಬ್ಬನೇ ಸ್ವತಂತ್ರನು, ಜೀವನು ಪರತಂತ್ರನು; ಆದುದರಿಂದ ಸ್ವಾಮ್ಯವೆಲ್ಲವೂ ಹರಿಯದಾಗಿ, ಕ್ರಯಪತ್ರವುಳ್ಳ ಗೃಹಸ್ಥನಿಗೂ ದಕ್ಕುವುದು ಅನುಭೋಗ ಮಾತ್ರ. (ನೋಂದಣಿ ಕಚೇರಿಯಲ್ಲಿ ಈ ವಾದವು ನಡೆಯದೆಂಬುದು ಬೇರೆಯ ಮಾತು.)

ಹಾಗೆಂದು ಬಾಡಿಗೆ ಪಡೆಯುವುದು ಅಧರ್ಮವೆಂದು ನಾನು ಹೇಳಲಾರೆ. ಪಾಳುಬಿದ್ದ ಮನೆಗಿಂತ ದೀಪವುರಿಯುವ ಮನೆಯೇ ಲೇಸು. ಆದರೆ ತಾನೂ ಒಬ್ಬ ಒಕ್ಕಲೆಂದು ಬಗೆದವನು ತನ್ನ ಒಕ್ಕಲಿನೊಡನೆ ನಡೆದುಕೊಳ್ಳುವ ರೀತಿಯು ಬೇರೆಯಾಗಿರಲೇಬೇಕು. ಸಮುದ್ರದಾಚೆ ಕುಳಿತು, ಸೋರುವ ಛಾವಣಿಯನ್ನು ದುರಸ್ತಿ ಮಾಡಿಸದೆ, ಬೇಸಿಗೆಯಲ್ಲಿ ನೀರಿಲ್ಲವೆಂಬ ಮೊರೆಗೆ ಕಿವಿಗೊಡದೆ, ತಿಂಗಳ ಹಣವನ್ನಷ್ಟೇ ಎಣಿಸಿಕೊಳ್ಳುವವನು ಎಷ್ಟು ತೀರ್ಥಕ್ಷೇತ್ರಗಳನ್ನು ಸುತ್ತಿದರೂ ದಾಸನೆನಿಸಲಾರನು.