ಯಾರ ಎಂಜಲು, ಯಾರ ನಂಬಿಕೆ

ಜಪಾನಿನ ನಗರಗಳ ಜನನಿಬಿಡ ಬೀದಿಗಳಲ್ಲಿ ಅಗ್ಗದ ಸುಶಿ ಅಂಗಡಿಗಳಿವೆ. ಅವುಗಳಿಗೆ ಅಲ್ಲಿನವರು ‘ಕೈತೆನ್‌ಝುಶಿ’ ಎನ್ನುತ್ತಾರೆ. ತಿರುಗುವ ಸುಶಿ ಎಂದು ಅರ್ಥ. ವಿನೆಗರ್ ಬೆರೆಸಿದ ಅನ್ನದ ಸಣ್ಣ ಮುದ್ದೆ, ಮೇಲೊಂದು ಮೀನಿನ ಚೂರು. ಇಂಥ ತಟ್ಟೆಗಳು ಚಲಿಸುವ ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಬೇಕಾದುದನ್ನು ಎತ್ತಿಕೊಂಡು ತಿನ್ನಬಹುದು. ಕೊನೆಯಲ್ಲಿ ಖಾಲಿ ತಟ್ಟೆಗಳನ್ನು ಎಣಿಸಿ ಹಣ ಕೊಟ್ಟರಾಯಿತು.

ಇದನ್ನು ರೂಪಿಸಿದವರು ಯೋಶಿಯಾಕಿ ಶಿರಾಇಶಿ. ಬಿಯರ್ ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಸಾಗುವ ಬಾಟಲಿಗಳನ್ನು ನೋಡಿ ಅವರಿಗೆ ಈ ಯೋಚನೆ ಬಂತು. 1958ರಲ್ಲಿ, ಇಂದು ಹಿಗಾಶಿ ಒಸಾಕಾ ಎನ್ನುವ ಊರಿನಲ್ಲಿ, ಮೊದಲ ಅಂಗಡಿ ತೆರೆಯಿತು. ಕಡಿಮೆ ಕೆಲಸಗಾರರು, ಕಡಿಮೆ ಬೆಲೆ, ಹೆಚ್ಚು ಗಿರಾಕಿಗಳು, ಲೆಕ್ಕ ಸರಳವಾಗಿತ್ತು. ಆದರೆ ಆ ಲೆಕ್ಕದೊಳಗೆ ಬರೆಯದೇ ಉಳಿದ ಒಂದು ಅಂಶವಿತ್ತು. ನನ್ನ ಮುಂದೆ ಬರುವ ತಟ್ಟೆ ಅದಕ್ಕೂ ಮೊದಲು ಹತ್ತಾರು ಅಪರಿಚಿತರ ಮುಂದೆ ಹಾದುಬಂದಿರುತ್ತದೆ. ಅವರಲ್ಲಿ ಯಾರೂ ಅದನ್ನು ಕೆಡಿಸಿಲ್ಲ ಎಂದು ನಾನು ನಂಬಬೇಕು.

2023ರ ಜನವರಿಯಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಗಿಫು ನಗರದ ಒಂದು ಅಂಗಡಿಯಲ್ಲಿ ಹದಿಹರೆಯದ ಹುಡುಗನೊಬ್ಬ ಸೋಯಾ ಸಾಸ್ ಬಾಟಲಿಯ ಬಾಯಿಯನ್ನು ನೆಕ್ಕಿದ. ನೆಕ್ಕಿದ ಬೆರಳಿನಿಂದ ಹಾದುಹೋಗುತ್ತಿದ್ದ ಸುಶಿಯನ್ನು ಮುಟ್ಟಿದ. ಆ ವಿಡಿಯೊ ದೇಶವನ್ನೆಲ್ಲ ಸುತ್ತಿತು. ಕಂಪನಿ ಸುಮಾರು 6.7 ಕೋಟಿ ಯೆನ್ ಪರಿಹಾರ ಕೇಳಿ ಮೊಕದ್ದಮೆ ಹೂಡಿತು. ಕೆಲವು ತಿಂಗಳ ಬಳಿಕ ಅದು ರಾಜಿಯಲ್ಲಿ ಮುಗಿಯಿತು. ಹಲವು ಕಡೆ ತಟ್ಟೆಗಳು ಸುಮ್ಮನೆ ತಿರುಗುವುದು ನಿಂತು, ಹೇಳಿದ್ದಷ್ಟೇ ಬರತೊಡಗಿತು. ಮತ್ತೊಂದು ಸರಣಿಯ ಅಂಗಡಿಗಳು ಗಿರಾಕಿಗಳ ಅನುಮಾನಾಸ್ಪದ ಚಲನೆಯನ್ನು ಗುರುತಿಸುವ ಕ್ಯಾಮೆರಾಗಳನ್ನು ನೆಚ್ಚಿಕೊಂಡವು.

ನಂಬಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಸಂಗ ಒಂದು ಹಳೆಯ ಭೇದವನ್ನು ನೆನಪಿಸಿತು. ತತ್ವಜ್ಞಾನಿ ಅನೆಟ್ ಬೇಯರ್ 1986ರ ಒಂದು ಪ್ರಬಂಧದಲ್ಲಿ ನೆಚ್ಚುವುದನ್ನೂ ನಂಬುವುದನ್ನೂ ಬೇರೆ ಮಾಡುತ್ತಾರೆ. ಕಾಂಟ್ ದಿನವೂ ಒಂದೇ ಹೊತ್ತಿಗೆ ತಿರುಗಾಡಲು ಹೋಗುತ್ತಿದ್ದ. ನೆರೆಯವರು ಅವನನ್ನೇ ಗಡಿಯಾರವಾಗಿ ನೆಚ್ಚಿದ್ದರು. ಒಂದು ದಿನ ಅವನು ಮಲಗಿಬಿಟ್ಟರೆ ಅವರಿಗೆ ನಿರಾಸೆಯಾದೀತು, ದ್ರೋಹವಾಯಿತು ಎನ್ನಿಸದು. ನಂಬಿದವರಿಗೆ ಮಾತ್ರ ದ್ರೋಹದ ನೋವು ತಿಳಿಯುತ್ತದೆ, ಏಕೆಂದರೆ ಅವರು ತಮಗೆ ಕೇಡು ಮಾಡಬಲ್ಲ ಅವಕಾಶವನ್ನು ಇನ್ನೊಬ್ಬರ ಕೈಗೆ ಕೊಟ್ಟಿರುತ್ತಾರೆ. ಆ ವಿಡಿಯೊ ನೋಡಿ ಜಪಾನೀಯರಿಗೆ ಅಷ್ಟು ಸಿಟ್ಟು ಬಂದದ್ದರಲ್ಲಿ ಹೇಸಿಗೆಯ ಜೊತೆಗೆ ಈ ನೋವೂ ಇತ್ತು ಎಂದು ನನಗನಿಸುತ್ತದೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಎಳೆ ಕಾಣಬೇಕು. ನಮ್ಮಲ್ಲಿ ‘ಎಂಜಲು’ ಎಂಬ ಪದವಿದೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕೆಂದು ನಮ್ಮಜ್ಜಿ ಕಲಿಸಿದ್ದರು. ಒಳ್ಳೆಯ ಪಾಠ, ನನ್ನ ನಂತರ ಕುಡಿಯುವವರ ಮೇಲಿನ ಕಾಳಜಿ ಅದರಲ್ಲಿದೆ. ಆದರೆ ಅದೇ ಅಜ್ಜಿಯ ಮನೆಯ ಜಗಲಿಯ ಮೂಲೆಯಲ್ಲಿ ಕೂಲಿಯವರಿಗೆಂದೇ ಬೇರೆ ಲೋಟವಿತ್ತು. ಎಷ್ಟು ತೊಳೆದರೂ ಅದು ಒಳಗೆ ಬರುತ್ತಿರಲಿಲ್ಲ. ಅಲ್ಲಿ ಪ್ರಶ್ನೆ ನೀವು ಏನು ಮಾಡಿದಿರಿ ಎಂಬುದಾಗಿರಲಿಲ್ಲ, ನೀವು ಯಾರು ಎಂಬುದಾಗಿತ್ತು. ಎರಡು ಲೋಟಗಳ ಆ ಪದ್ಧತಿ ನಮ್ಮ ಚಹಾ ಅಂಗಡಿಗಳಲ್ಲೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಹಾಗೆ ನೋಡಿದರೆ ಅಪರಿಚಿತರ ನಡುವೆ ಊಟ ಮಾಡಲು ಮೂರು ದಾರಿಗಳಿವೆ. ಹುಟ್ಟನ್ನು ನೋಡಿ ಕೆಲವರನ್ನು ಹೊರಗಿಡುವುದು ಒಂದು. ಎಲ್ಲರನ್ನೂ ಒಳಬಿಟ್ಟು ಎಲ್ಲರನ್ನೂ ಶಂಕಿಸುವುದು ಇನ್ನೊಂದು. ಶಿರಾಇಶಿಯ ಬೆಲ್ಟು ಮೂರನೆಯದು: ನೀನು ಯಾರೆಂದು ಕೇಳುವುದಿಲ್ಲ, ನೀನು ಸರಿಯಾಗಿ ನಡೆದುಕೊಳ್ಳುತ್ತೀಯ ಎಂದುಕೊಂಡಿದ್ದೇನೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಮಗುವನ್ನು ಕರೆದುಕೊಂಡು ಬಂದ ತಾಯಿ, ‘ನನಗೆ ನಿಮ್ಮ ತತ್ವ ಬೇಡ, ಶುಚಿಯಾದ ಊಟ ಬೇಕು’ ಎಂದರೆ ಅವಳ ಮಾತು ಸರಿ. ತಟ್ಟೆಗೆ ಮುಚ್ಚಳ ಹಾಕಲಿ. ಕೆಮ್ಮು, ಸೀನು ಯಾರಿಗೂ ಬರಬಹುದು. ಆದರೆ ಮುಚ್ಚಳ ಆಹಾರವನ್ನು ಕಾಪಾಡುತ್ತದೆ, ಕ್ಯಾಮೆರಾ ತಿನ್ನುವವನನ್ನು ಶಂಕಿಸುತ್ತದೆ. ಕ್ಯಾಮೆರಾದ ಕೆಳಗೆ ಸರಿಯಾಗಿ ಕೂತವನು ಒಳ್ಳೆಯವನೋ ಹೆದರಿದವನೋ ನಮಗೆ ತಿಳಿಯುವುದಿಲ್ಲ. ಕೆಲವು ದಿನ ಕಳೆದರೆ ಅವನಿಗೂ ತಿಳಿಯಲಿಕ್ಕಿಲ್ಲ.

ಆ ಹುಡುಗ ಮಾಡಿದ್ದು ತಪ್ಪು. ಆದರೆ ಅವನೊಬ್ಬನ ತಪ್ಪಿಗಿಂತ, ಆ ದಿನದವರೆಗೆ ಆ ಬೆಲ್ಟುಗಳ ಮುಂದೆ ಕೂತು ಪಕ್ಕದವರ ತಟ್ಟೆ ಕೆಡಿಸದೆ ಎದ್ದುಹೋದ ಲಕ್ಷಾಂತರ ಜನರೇ ದೊಡ್ಡ ಸಾಕ್ಷಿ. ಅವರ ವಿಡಿಯೊ ಯಾರೂ ಮಾಡಲಿಲ್ಲ. ಮನುಷ್ಯರನ್ನು ಎಷ್ಟು ನಂಬಬಹುದು ಎಂದು ತೀರ್ಮಾನಿಸುವಾಗ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಅವರನ್ನೂ ಅಲ್ಲವೇ?